ಗುರುವು ಬರೆಯಿಸಿದ ಚಿತ್ರ

ಇಂಗ್ಲೆಂಡಿನ ಗ್ರೀನಿಚ್ಚಿನಲ್ಲಿರುವ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದಲ್ಲಿ ಒಬ್ಬ ತರುಣ ನೌಕಾಧಿಕಾರಿಯ ತೈಲಚಿತ್ರವಿರುವುದು. ಕತ್ತಿಯ ಹಿಡಿಯ ಮೇಲೆ ಕೈಗಳನ್ನಿರಿಸಿ ನಿಂತಿರುವ ಈ ತರುಣನು ಹೊರೇಷಿಯೋ ನೆಲ್ಸನ್ನನು. ಆತನ ಜಯಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಚರಿತ್ರೆಯ ಪಾಠದಲ್ಲಿ ಓದಿದವರೇ. ಆದರೆ ಈ ಚಿತ್ರವನ್ನು ಬರೆಯಿಸಿದವನು ಆತನ ಗುರುವೆಂಬುದನ್ನು ಬಲ್ಲವರು ವಿರಳ. ಆ ಸಂಗತಿಯನ್ನೇ ಇಲ್ಲಿ ವಿವರಿಸುವೆವು.

ನೆಲ್ಸನ್ನನು 1758ರಲ್ಲಿ ನಾರ್ಫೋಕ್ ಪ್ರಾಂತದ ಒಂದು ಹಳ್ಳಿಯ ಸಭಾಪಾಲಕನ ಮಗನಾಗಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡನು. 1771ರಲ್ಲಿ ಸೋದರಮಾವನ ಹಡಗನ್ನು ಸೇರಿದನು. ನಮ್ಮ ನಾಡಿನವರಿಗೆ ಇಲ್ಲೊಂದು ಕುತೂಹಲದ ವಿಷಯವುಂಟು: 1775ರ ಫೆಬ್ರವರಿಯಲ್ಲಿ ‘ಸೀಹಾರ್ಸ್’ ನೌಕೆಯ ಮೇಲಿದ್ದ ಈ ಹುಡುಗನು ಮೊಟ್ಟಮೊದಲು ಕಂಡ ಕಾಳಗವು ಮೈಸೂರಿನ ಹೈದರಾಲಿಯ ಎರಡು ಹಡಗುಗಳೊಡನೆ ನಡೆದುದಾಗಿತ್ತು. ಅನಂತರ ಜ್ವರಪೀಡಿತನಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟನು.

1777ರ ಏಪ್ರಿಲಿನಲ್ಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಹದಿನೆಂಟರ ನೆಲ್ಸನ್ನನು ‘ಲೋಸ್ಟಾಫ್’ ಎಂಬ ನೌಕೆಯಲ್ಲಿ ಲೆಫ್ಟೆನೆಂಟನಾದನು. ಅದರ ಕಪ್ತಾನನಾದ ವಿಲಿಯಂ ಲಾಕರನು ಕಿರಿಯರನ್ನು ತಿದ್ದಿ ಬೆಳೆಯಿಸುವ ಸ್ವಭಾವದವನು. ಆತನೇ ಈ ಹುಡುಗನನ್ನು ಜಾನ್ ಫ್ರಾನ್ಸಿಸ್ ರಿಗೋ ಎಂಬ ಚಿತ್ರಕಾರನ ಮುಂದೆ ಕುಳ್ಳಿರಿಸಿದನು. ಚಿತ್ರವು ಪೂರ್ಣವಾಗುವ ಮೊದಲೇ ನೌಕೆಯು ಜಮೈಕಾಕ್ಕೆ ಹೊರಟಿತು. ಪಟವು ನಾಲ್ಕು ವರುಷ ಹಾಗೆಯೇ ಉಳಿಯಿತು.

ಆ ನಾಲ್ಕು ವರುಷಗಳಲ್ಲಿ ಹುಡುಗನ ಮುಖವೇ ಬೇರೆಯಾಯಿತು. ಇಪ್ಪತ್ತನೆಯ ವಯಸ್ಸಿನಲ್ಲಿ ಕಪ್ತಾನ ಪದವಿ ದೊರೆಯಿತು. 1780ರಲ್ಲಿ ನಿಕರಾಗುವದ ಸಾನ್ ಹುವಾನ್ ಕೋಟೆಗೆ ನಡೆದ ದಂಡಯಾತ್ರೆಯಲ್ಲಿ ಕೋಟೆಯೇನೋ ವಶವಾಯಿತು. ಆದರೆ ಜ್ವರಾದಿ ರೋಗಗಳಿಂದ ಸತ್ತವರು ಗುಂಡಿಗೆ ಬಲಿಯಾದವರಿಗಿಂತ ಎಷ್ಟೋ ಹೆಚ್ಚು. ಸಾಯುವ ಸ್ಥಿತಿಯಲ್ಲಿ ಜಮೈಕಾಕ್ಕೆ ಮರಳಿದ ನೆಲ್ಸನ್ನನಿಗೆ ಶುಶ್ರೂಷೆ ಮಾಡಿದವಳು ದಾಸತ್ವದಿಂದ ಬಿಡುಗಡೆ ಹೊಂದಿದ್ದ ಕ್ಯೂಬಾ ಕಾರ್ನ್‌ವಾಲಿಸ್ ಎಂಬ ಕರಿಯ ಮಹಿಳೆ. ಅಂಥವಳ ಆರೈಕೆಯನ್ನು ಪಡೆದವನೇ 1805ರಲ್ಲಿ ಜಮೈಕಾದ ತೋಟದೊಡೆಯನೊಬ್ಬನಿಗೆ ಬರೆದ ಕಾಗದದಲ್ಲಿ ದಾಸವ್ಯಾಪಾರದ ವಿರೋಧಿಗಳನ್ನು ಹಳಿದನೆಂಬುದನ್ನು ನಾವು ದುಃಖದಿಂದಲೇ ಬರೆಯಬೇಕಾಗಿದೆ.

1781ರಲ್ಲಿ ಚಿತ್ರದ ಕೆಲಸವು ಮತ್ತೆ ಮೊದಲಾಯಿತು. ಹಳೆಯ ಚಿತ್ರವು ಈಗಿನ ತನ್ನನ್ನು ಎಳ್ಳಷ್ಟೂ ಹೋಲದೆಂದೂ, ಚಿತ್ರಕಾರನು ತುಸು ಚೆಲುವನ್ನು ಬೆರೆಸಿದರೆ ಸರಿಹೋದೀತೆಂದೂ ನೆಲ್ಸನ್ನನು ಲಾಕರನಿಗೆ ವಿನೋದವಾಗಿ ಬರೆದನು. ರಿಗೋ ಹೊಸ ಪಟವನ್ನು ತೆಗೆದುಕೊಳ್ಳದೆ ಹಳೆಯದನ್ನೇ ತಿದ್ದಿದನು: ಉಡುಪನ್ನು ಕಪ್ತಾನನದಾಗಿ ಮಾಡಿದನು, ಹಿನ್ನೆಲೆಯಲ್ಲಿ ಆ ಕೋಟೆಯನ್ನು ಬರೆದನು, ಮುಖವನ್ನು ಕೃಶವಾಗಿಸಿದನು. ತೈಲವರ್ಣದ ಗುಣವೇ ಇದು; ಒಣಗಿದ ಬಣ್ಣದ ಮೇಲೆ ಮತ್ತೊಂದು ಪದರವನ್ನು ಬಳಿಯಬಹುದು, ಕೆಳಗಿನದು ಅಳಿಯದೆ ಮರೆಯಾಗಿ ಉಳಿಯುವುದು. ಸೀಸದಂತಹ ಲೋಹವಿರುವ ಬಣ್ಣಗಳು ಕ್ಷ-ಕಿರಣಗಳನ್ನು ತಡೆಯುವುದರಿಂದ ಅಡಗಿದ ರೂಪವು ಛಾಯಾಚಿತ್ರದಲ್ಲಿ ಮೂಡುತ್ತದೆ. ಹೀಗೆ ಪರೀಕ್ಷಿಸಿದಾಗ ಕಪ್ತಾನನ ಕೆಳಗೆ, ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡ ದುಂಡುಮುಖದ ಹದಿನೆಂಟರ ಹುಡುಗನು ಕಾಣಿಸಿಕೊಂಡನು. ಹೆತ್ತವರು ಮಕ್ಕಳ ಮುಖದಲ್ಲಿ ಇಂಥದನ್ನು ಯಾವ ಕಿರಣದ ಸಹಾಯವೂ ಇಲ್ಲದೆ ಕಾಣುವರಷ್ಟೆ.

ಲಾಕರನು 1793ರಲ್ಲಿ ಗ್ರೀನಿಚ್ಚಿನ ನಾವಿಕರ ಆಶ್ರಯಧಾಮದ ಉಪಾಧಿಪತಿಯಾದನು. ನೈಲ್ ಕದನದಲ್ಲಿ ಜಯಿಸಿ ಲೋಕಪ್ರಸಿದ್ಧನಾದ ಮೇಲೆ, 1799ರಲ್ಲಿ, ನೆಲ್ಸನ್ನನು ತಾನು ಆತನ ಶಿಷ್ಯನೆಂದೂ, ವೈರಿಯ ಹಡಗನ್ನು ಸಮೀಪಿಸಿ ಹೋರಾಡುವುದನ್ನು ಕಲಿಸಿದವನು ಆತನೇ ಎಂದೂ ಬರೆದು ತಿಳಿಸಿದನು. ಮರುವರುಷ ಲಾಕರನು ತೀರಿಕೊಂಡನು. ಗ್ರೀನಿಚ್ಚಿನಲ್ಲಿ ನಾವಿಕರ ಚಿತ್ರಶಾಲೆಯೊಂದಿರಬೇಕೆಂದು ಆತನು 1795ರಲ್ಲಿ ಮಾಡಿದ್ದ ಸೂಚನೆಯನ್ನು ಆತನ ಮಗನು 1820ರ ದಶಕದಲ್ಲಿ ನೆರವೇರಿಸಿದನು.