ಹಳೆಯ ಸಚಿತ್ರ ಪ್ರಾಣಿಗ್ರಂಥಗಳಲ್ಲಿ ಚಿತ್ರವೂ ಹೆಸರೂ

ವನ್ಯಸಸ್ತನಿಗಳನ್ನು ಕುರಿತ ಹಳೆಯ ಸಚಿತ್ರ ಗ್ರಂಥಗಳನ್ನು ನಾವು ಸಾಮಾನ್ಯವಾಗಿ ಚಿತ್ರಗಳ ಸೊಗಸಿಗಾಗಿ ತೆರೆಯುತ್ತೇವೆ. ಆದರೆ ಇಂಥ ಗ್ರಂಥವನ್ನು ಕೈಗೆತ್ತಿಕೊಂಡವನು ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಆಗಿದೆ: ಚಿತ್ರ ಬರೆದವನು ಪ್ರಾಣಿಯನ್ನು ಕಂಡಿದ್ದನೆ, ಇನ್ನೊಂದು ಚಿತ್ರವನ್ನು ಕಂಡಿದ್ದನೆ? ಮೂರು ಶತಮಾನಗಳ ಯುರೋಪಿನ ಪ್ರಾಣಿಶಾಸ್ತ್ರದ ಚರಿತ್ರೆಯ ಬಹುಭಾಗವು ಈ ಪ್ರಶ್ನೆಯಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಅತ್ಯಂತ ಪ್ರಸಿದ್ಧವಾದ ನಿದರ್ಶನವು ನಮ್ಮ ದೇಶದ ಖಡ್ಗಮೃಗದ್ದೇ. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಹನು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಉಡುಗೊರೆಯಾಗಿತ್ತ ಪ್ರಾಣಿಯೊಂದು ಗೋವೆಯಿಂದ ಹಡಗೇರಿ 1515ರ ಮೇ ತಿಂಗಳಲ್ಲಿ ಲಿಸ್ಬನ್ನನ್ನು ತಲುಪಿತು. ನ್ಯೂರೆಂಬರ್ಗಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನು ಅದನ್ನು ಕಣ್ಣಾರೆ ಕಾಣಲಿಲ್ಲ. ಅಲ್ಲಿಂದ ಬಂದ ವರ್ಣನೆಯನ್ನೂ ಒಂದು ರೇಖಾಚಿತ್ರವನ್ನೂ ನಂಬಿ ಅದೇ ವರ್ಷ ಮರದಚ್ಚಿನ ಚಿತ್ರವನ್ನು ಹೊರತಂದನು. ಚರ್ಮದ ಮಡಿಕೆಗಳು ಅದರಲ್ಲಿ ಕಮ್ಮಾರನು ಬಡಿದು ಕೂಡಿಸಿದ ಕವಚದಂತಾದುವು. ಕತ್ತಿನ ಹಿಂದೆ, ಬೆನ್ನಿನ ಮೇಲೆ, ಇಲ್ಲದ ಚಿಕ್ಕ ಕೊಂಬೊಂದು ಮೂಡಿತು. ಆ ಬಡಪ್ರಾಣಿಯಾದರೋ ಪೋಪನಿಗೆ ಕಾಣಿಕೆಯಾಗಿ ಹೋಗುತ್ತಿರುವಾಗ 1516ರಲ್ಲಿ ಇಟಲಿಯ ತೀರದ ಬಳಿ ಹಡಗೊಡೆದು ಮುಳುಗಿಹೋಯಿತು. ಚಿತ್ರ ಮಾತ್ರ ಮುಳುಗಲಿಲ್ಲ. ಜೂರಿಕ್ಕಿನ ವೈದ್ಯ ಗೆಸ್ನರನು 1551ರಲ್ಲಿ ಚತುಷ್ಪಾದಿಗಳ ಮಹಾಗ್ರಂಥದಲ್ಲಿ ಅದನ್ನೇ ಅಳವಡಿಸಿದನು. 1607ರಲ್ಲಿ ಲಂಡನ್ನಿನಲ್ಲಿ ಟಾಪ್ಸೆಲನ ಗ್ರಂಥವೂ ಅದನ್ನೇ ಅನುಸರಿಸಿತು. ಆ ಸುಳ್ಳು ಕೊಂಬು ಪುಟದಿಂದ ಪುಟಕ್ಕೆ ಬೆಳೆದುಬಂದಿತು.

ಇದಕ್ಕೆ ಅಜ್ಞಾನವೊಂದೇ ಕಾರಣವಲ್ಲ, ಮುದ್ರಣದ ಕ್ರಮವೂ ಕಾರಣ. ಮರದಚ್ಚು ಅಕ್ಷರದ ಮೊಳೆಗಳ ಜೊತೆಯಲ್ಲಿಯೇ ಒಂದೇ ಒತ್ತಿಗೆ ಅಚ್ಚಾಗುತ್ತದೆ. ಸಿದ್ಧಚಿತ್ರವನ್ನು ಹೊಸ ಹಲಗೆಯ ಮೇಲೆ ತೆಗೆದು ಕೊರೆಯುವುದು ಅಗ್ಗದ ಕೆಲಸ. ಜೀವಂತ ಖಡ್ಗಮೃಗವು ಅಗ್ಗವಲ್ಲ. 1741ರಲ್ಲಿ ಹಾಲೆಂಡಿಗೆ ಬಂದ 'ಕ್ಲಾರಾ' ಎಂಬ ಹೆಣ್ಣು ಖಡ್ಗಮೃಗವು ಊರೂರು ಸುತ್ತಿ, 1749ರಲ್ಲಿ ಪ್ಯಾರಿಸ್ಸಿನಲ್ಲಿ ಊದ್ರಿಯು ಅದರ ಪ್ರಮಾಣಾಕಾರದ ಚಿತ್ರ ಬರೆದ ಮೇಲೆಯೇ ಡ್ಯೂರರನ ಕವಚ ಕಳಚಿತು. ಬಫೋನನ ಬೃಹತ್ಕೃತಿಯ ಖಡ್ಗಮೃಗಕ್ಕೆ ಆ ಚಿತ್ರವೇ ಆಧಾರ. ಬಫೋನನ ಚಿತ್ರಗಳು ತಾಮ್ರಫಲಕದವು. ರೇಖೆ ಸೂಕ್ಷ್ಮ, ಆದರೆ ಬೇರೆ ಯಂತ್ರದಲ್ಲಿ ಬೇರೆ ಹಾಳೆಯ ಮೇಲೆ ಒತ್ತಬೇಕಾದುದರಿಂದ ಬೆಲೆ ಹೆಚ್ಚು. ನ್ಯೂಕಾಸಲ್ಲಿನ ಥಾಮಸ್ ಬ್ಯೂಯಿಕನು ಗಟ್ಟಿಮರದ ಅಡ್ಡಕೊಯ್ತದ ಮೇಲೆ ನಯವಾದ ಉಳಿಯಿಂದ ಕೆತ್ತಿ, 1790ರ ತನ್ನ ಚತುಷ್ಪಾದಿಗ್ರಂಥದಲ್ಲಿ ಆ ಸೂಕ್ಷ್ಮತೆಯನ್ನು ಮರದಚ್ಚಿಗೆ ತಂದುಕೊಟ್ಟನು. ಅವನ ನಾಯಿ, ಕುರಿ, ನರಿಗಳು ಉಸಿರಾಡುತ್ತವೆ; ಪರದೇಶದ ಮೃಗಗಳು ಅನೇಕ ಕಡೆ ಬೇರೆ ಪುಸ್ತಕದಿಂದ ಬಂದವು, ಅಷ್ಟೇ ಮಂಕು.

ಭಾರತದ ಮಟ್ಟಿಗೆ ಹಾರ್ಡ್‌ವಿಕ್ಕನ ಸಂಗ್ರಹವನ್ನು ಇಲ್ಲಿ ಹೆಸರಿಸಲೇಬೇಕು. ಕಂಪನಿಯ ಫಿರಂಗಿದಳದ ಈ ಅಧಿಕಾರಿಯು ಭಾರತೀಯ ಚಿತ್ರಕಾರರಿಂದ ಸಾವಿರಾರು ಪ್ರಾಣಿಚಿತ್ರಗಳನ್ನು ಬರೆಸಿದನು. ಅವುಗಳಿಂದ ಆಯ್ದ ಸುಮಾರು ಇನ್ನೂರು ಚಿತ್ರಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ 1830ರಿಂದ 1835ರ ವರೆಗೆ ಕಲ್ಲಚ್ಚಿನಲ್ಲಿ ಹೊರತಂದನು. ಬಣ್ಣವನ್ನು ಪ್ರತಿಯೊಂದಕ್ಕೂ ಕೈಯಿಂದ ಹಚ್ಚಿದುದು. ಸಂಗ್ರಾಹಕನ ಹೆಸರಿದೆ, ನಾಮಕರಣ ಮಾಡಿದವನ ಹೆಸರಿದೆ. ಪ್ರಾಣಿಯ ಮುಂದೆ ಕುಳಿತು ಕುಂಚ ಹಿಡಿದವರು ಬಹುಮಟ್ಟಿಗೆ ಅನಾಮಧೇಯರು. ನಮ್ಮ ಪ್ರಾಣಿಶಾಸ್ತ್ರದ ಲೆಕ್ಕಪತ್ರದಲ್ಲಿ ಇದು ಇನ್ನೂ ತೀರದ ಬಾಕಿ.

ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಸಂಗತಿಯೊಂದಿದೆ. ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿದ ಸರ್ ವಾಲ್ಟರ್ ಎಲಿಯಟ್ಟನ ಹೆಸರು ನಮ್ಮ ಸಂಶೋಧಕರಿಗೆ ಪರಿಚಿತ. ಅದೇ ಎಲಿಯಟ್ಟನು ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದನೆಂಬುದು ಅಷ್ಟಾಗಿ ತಿಳಿದಿಲ್ಲ. ಪ್ರಾಣಿಗಳ ದೇಶೀಯ ಹೆಸರುಗಳನ್ನು ಅವನು ಶಾಸನಪಾಠದಷ್ಟೇ ಶ್ರದ್ಧೆಯಿಂದ ಗುರುತಿಸಿಕೊಂಡನು. ಹೊಲದ ಇಲಿಗಳ ವಿಷಯದಲ್ಲಿ ಅವನಿಗೆ ಗುರುಗಳಾದವರು ಕೆರೆ ತೋಡುವ ಒಡ್ಡರು. ಸುಗ್ಗಿಯಲ್ಲಿ ಅವರು ಬಿಲಗಳನ್ನು ಅಗೆದು ಇಲಿಗಳು ಕೂಡಿಟ್ಟ ಜೋಳವನ್ನು ತೆಗೆಯುತ್ತಿದ್ದರು; ಒಂದೇ ಬಿಲದಲ್ಲಿ ಅರ್ಧ ಸೇರು ಕಾಳು ಸಿಕ್ಕುವುದೂ ಉಂಟೆಂದು ಅವನು ಬರೆದಿದ್ದಾನೆ. ಅವನು ಕಳುಹಿಸಿದ ಮಾದರಿಗಳಿಗೆ ಗ್ರೇ 1837ರಲ್ಲಿ ಹೆಸರಿಟ್ಟಾಗ ಕನ್ನಡದ 'ಗುಲಾಂದಿ'ಯು 'ಗೋಲುಂಡ' ಎಂಬ ಕುಲನಾಮವಾಯಿತು. ಒಡ್ಡರ 'ಮೆಟ್ಟಡೆ'ಯು 'ಮೆಲ್ಟಾಡ' ಆಯಿತು. ಟಕಾರದ ಜಾಗದಲ್ಲಿ ಲಕಾರ ಹೇಗೆ ನುಸುಳಿತೋ! ಡ್ಯೂರರನ ಕೊಂಬನ್ನು ಕೊನೆಗೆ ಅಳಿಸಿದರು. ನಾಮಕರಣದ ನಿಯಮಗಳು ಬಿಗಿಯಾದುದರಿಂದ ಈ ಲಕಾರವು ಉಳಿದುಕೊಂಡಿತು. 1911ರಲ್ಲಿ ಅದಕ್ಕೆ 'ಮಿಲಾರ್ಡಿಯಾ' ಎಂಬ ಕುಲನಾಮವೂ ಸೇರಿತು. ಇದು ಮುಂಬಯಿಯ ನಿಸರ್ಗಚರಿತ್ರೆಯ ಸಂಘದ ಕಾರ್ಯದರ್ಶಿಯಾಗಿದ್ದ ಮಿಲಾರ್ಡನ ಸ್ಮರಣೆಗಾಗಿ ಇಟ್ಟದ್ದು. ಜರ್ಡನನು 1867ರ ತನ್ನ ಗ್ರಂಥದಲ್ಲಿ ಚಿತ್ರಗಳನ್ನು ನೆಚ್ಚದೆ, ಪ್ರಾಣಿಪ್ರಾಣಿಗೂ ಕನ್ನಡ, ತೆಲುಗು, ಮರಾಠಿ ಮೊದಲಾದ ಹೆಸರುಗಳನ್ನು ಕೊಟ್ಟುಕೊಂಡು ಹೋಗುವುದು ಎಲಿಯಟ್ಟನ ದಾರಿಯಲ್ಲಿಯೇ. ನಮ್ಮ ನಿಘಂಟುಕಾರರು ಈ ಪಟ್ಟಿಗಳನ್ನು ಇನ್ನೂ ಚೆನ್ನಾಗಿ ಸೋಸಬಹುದಾಗಿದೆ.

ಈ ಗ್ರಂಥಗಳಿಗೆ ಈಗ ಒದಗಿರುವ ವಿಪತ್ತು ಹುಳುಗಳದಲ್ಲ, ಕತ್ತರಿಯದು. ಇಡೀ ಗ್ರಂಥಕ್ಕಿಂತ ಬಿಡಿಚಿತ್ರಗಳಿಗೆ ಒಟ್ಟು ಬೆಲೆ ಹೆಚ್ಚು ಬರುವಲ್ಲಿ ವ್ಯಾಪಾರಿಯು ಹೊಲಿಗೆ ಬಿಚ್ಚಿ, ಅಂಚು ಕತ್ತರಿಸಿ, ಚೌಕಟ್ಟು ಹಾಕಿಸಿ ಮಾರುತ್ತಾನೆ. ವ್ಯಾಪಾರವಾಗಿ ಅದು ಸರಿಯಿರಬಹುದು. ಆದರೆ ವಿವರಣೆಯ ಪುಟವು ರದ್ದಿಗೆ ಹೋದರೆ ದೇಶೀಯ ಹೆಸರೂ, ಮೃಗ ಸಿಕ್ಕಿದ ಸ್ಥಳವೂ ಅದರೊಡನೆಯೇ ಹೋದುವು. ಚಿತ್ರವು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಹಳೆಯ ಪುಸ್ತಕದಂಗಡಿಯಲ್ಲಿ ಇಂಥ ಬಿಡಿಹಾಳೆ ಕೈಗೆ ಬಂದರೆ ಪರೀಕ್ಷಿಸುವ ಕ್ರಮ ಕಷ್ಟವಲ್ಲ. ಚಿತ್ರದ ಸುತ್ತ ಫಲಕದ ಅಂಚು ಕಾಗದವನ್ನು ತಗ್ಗಿಸಿದ್ದರೆ ಅದು ತಾಮ್ರದ್ದು; ಅಂಚನ್ನು ಕತ್ತರಿಸಿದ್ದರೆ ಈ ಗುರುತು ಸಿಕ್ಕದು. ಹಾಳೆಯ ಹಿಂಬದಿಯಲ್ಲಿ ಅಕ್ಷರಗಳು ಅಚ್ಚಾಗಿದ್ದರೆ ಪ್ರಾಯಶಃ ಮರದಚ್ಚು. ಬಣ್ಣವು ಅಲ್ಲಲ್ಲಿ ರೇಖೆಯನ್ನು ದಾಟಿದ್ದರೆ ಕೈಯಿಂದ ಹಚ್ಚಿದ್ದು. ಭೂತಗನ್ನಡಿಯಲ್ಲಿ ಸಾಲುಸಾಲಾದ ಸಮಚುಕ್ಕೆಗಳು ಕಂಡರೆ ಅದು ಈಚಿನ ಯಂತ್ರಮುದ್ರಣದ ಪ್ರತಿ. ಹಳೆಯದರ ಬೆಲೆ ಕೊಡಬೇಕಾದುದಿಲ್ಲ.