ಕ್ಲಸ್ಟರ್ ಗಟ್ಟಿಯಾದರೆ ಊರ ಶಾಲೆ ಉಳಿದೀತು

ಪಟ್ಟದಕಲ್ಲಿನ ಸುತ್ತಲಿನ ಯಾವುದಾದರೂ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಬಿದ್ದರೆ, ಅದನ್ನು ಕಾಯಂ ಆಗಿ ತುಂಬುವ ಅಧಿಕಾರ ಆ ಊರಲ್ಲಿ ಯಾರಿಗೂ ಇಲ್ಲ. ಮುಖ್ಯ ಶಿಕ್ಷಕರು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ತಿಳಿಸುತ್ತಾರೆ. ಅಲ್ಲಿಂದ ವಿಷಯ ಬಾದಾಮಿಯ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಬಾಗಲಕೋಟೆಯ ಉಪನಿರ್ದೇಶಕರಿಗೆ, ಧಾರವಾಡದ ಅಪರ ಆಯುಕ್ತರಿಗೆ, ಕೊನೆಗೆ ಬೆಂಗಳೂರಿಗೆ ಮುಟ್ಟಬೇಕು. ಶಿಕ್ಷಕರ ತರಬೇತಿ ಇಳಕಲ್ಲಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಹೊಣೆ. ಮುಂಬಯಿ ಪ್ರಾಂತದ ಕಾಲದಲ್ಲಿ, ಬಾದಾಮಿ ಇನ್ನೂ ವಿಜಾಪುರ ಜಿಲ್ಲೆಯಲ್ಲಿದ್ದಾಗ, 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಆಡಳಿತವನ್ನು ಸ್ಥಳೀಯ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತ್ತು. ಆ ಅಧಿಕಾರ ಕ್ರಮೇಣ ರಾಜ್ಯದ ಇಲಾಖೆಗೆ ಸರಿಯಿತು. ಇವತ್ತು ಶಾಲೆಗೆ ತೀರ ಹತ್ತಿರ ಇರುವ ಆಡಳಿತದ ಘಟಕವೆಂದರೆ, 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದೊಂದಿಗೆ (ಡಿಪಿಇಪಿ) ಬಂದ ಕ್ಲಸ್ಟರ್. ಅಕ್ಕಪಕ್ಕದ ಕೆಲವು ಹಳ್ಳಿಗಳ ಶಾಲೆಗಳ ಈ ಗುಂಪಿಗೆ ಸಮಾಲೋಚನಾ ಸಭೆ ನಡೆಸುವ, ಮಾಹಿತಿ ಕಲೆಹಾಕುವ ಕೆಲಸ ಇದೆ, ಕೈಯಲ್ಲಿ ಶಿಕ್ಷಕರಿಲ್ಲ. ಚಿಕ್ಕ ಶಾಲೆಗಳನ್ನು ಉಳಿಸಬೇಕೆಂದರೆ ಬಲ ತುಂಬಬೇಕಾದದ್ದು ಇಲ್ಲಿಗೇ.

ಮಕ್ಕಳ ಸಂಖ್ಯೆ ಇಳಿದ ಕಡೆ ಶಾಲೆಗಳನ್ನು ವಿಲೀನಗೊಳಿಸುವುದೇ ಪರಿಹಾರ ಎಂಬ ವಾದ ಹೊಸದಲ್ಲ. 2018ರ ರಾಜ್ಯ ಬಜೆಟ್‌ನಲ್ಲಿ 28,000ಕ್ಕೂ ಹೆಚ್ಚು ಶಾಲೆಗಳನ್ನು ಹತ್ತಿರದ ಶಾಲೆಗಳೊಂದಿಗೆ ಸೇರಿಸುವ ಪ್ರಸ್ತಾವ ಬಂದು ವಿರೋಧವನ್ನೂ ಎದುರಿಸಿತ್ತು. ಇಬ್ಬರೇ ಶಿಕ್ಷಕರು ಐದು ತರಗತಿಗಳಿಗೆ ಏನು ಕಲಿಸಿಯಾರು ಎಂಬ ಪ್ರಶ್ನೆ ಅಂಥ ಪ್ರಸ್ತಾವಗಳ ಹಿಂದಿದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ನಿಗದಿ ಮಾಡಿರುವುದು ಶಿಕ್ಷಣ ಹಕ್ಕು ಕಾಯ್ದೆಯೇ. ಇಂಥ ಶಾಲೆಗೆ ಒಗ್ಗುವ ಕಲಿಕಾ ಕ್ರಮವೂ ಕರ್ನಾಟಕದಲ್ಲೇ ಬೆಳೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ದುಂಡಗೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರಕ್ಕೆ ತೂಗುಬಿಟ್ಟ ಮಕ್ಕಳ ಚಿತ್ರಗಳ ಚಪ್ಪರ, ಕೈಗೆಟುಕುವ ಎತ್ತರದಲ್ಲಿ ಮಕ್ಕಳದೇ ಕರಿಹಲಗೆ. ಮಗು ಏಣಿಯಲ್ಲಿ ತಾನು ನಿಂತ ಮೆಟ್ಟಿಲು ನೋಡಿ, ಅದರ ಚಿಹ್ನೆಯ ಕಾರ್ಡು ತೆಗೆದುಕೊಂಡು, ತಟ್ಟೆ ಎಂದು ಕರೆಯುವ ತನ್ನ ಗುಂಪಿಗೆ ಹೋಗುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರೇ ಕಲಿಸಿದರೆ ಇನ್ನೊಂದರಲ್ಲಿ ಜೊತೆಯ ಮಗು ನೆರವಾಗುತ್ತದೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಒಬ್ಬರು ನಲಿ-ಕಲಿ ನೋಡಿಕೊಂಡರೆ ಇನ್ನೊಬ್ಬರಿಗೆ ನಾಲ್ಕು, ಐದನೇ ತರಗತಿ. ಲೆಕ್ಕ ಸರಿಹೊಂದುತ್ತದೆ.

ಈ ಲೆಕ್ಕ ತಪ್ಪುವುದು ಇಬ್ಬರಲ್ಲಿ ಒಬ್ಬರು ಶಾಲೆಯಲ್ಲಿ ಇಲ್ಲದ ದಿನ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಗಳಿಗೆ ಶಿಕ್ಷಕರನ್ನು ಕಳಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಮಲಪ್ರಭೆ ಉಕ್ಕಿದ 2009, 2019ರಂಥ ವರ್ಷಗಳನ್ನು ಕಂಡ ಈ ದಂಡೆಗೆ ಪ್ರವಾಹದ ಕೆಲಸ ಅಪರೂಪವಲ್ಲ. ಅದರ ಜೊತೆಗೆ ತರಬೇತಿ, ಹೆರಿಗೆ ರಜೆ, ವರ್ಗಾವಣೆ. ದೊಡ್ಡ ಶಾಲೆ ಒಬ್ಬರ ಗೈರನ್ನು ತಾಳಿಕೊಳ್ಳುತ್ತದೆ, ಇಬ್ಬರ ಶಾಲೆಯಲ್ಲಿ ಅರ್ಧ ಪಾಠವೇ ನಿಂತುಹೋಗುತ್ತದೆ. ಹಾಗಾಗಿ ಪ್ರತಿ ಕ್ಲಸ್ಟರಿಗೂ ಕಾಯಂ ಮೀಸಲು ಶಿಕ್ಷಕರು ಬೇಕು. ಗೈರು ಬಿದ್ದ ಶಾಲೆಗೆ ಮರುದಿನವೇ ಹೋಗುವುದು ಅವರ ಕೆಲಸ. ಯಾರೂ ಗೈರಿಲ್ಲದ ದಿನ ಇಂಗ್ಲಿಷು, ಆಟ, ಚಿತ್ರಕಲೆಯನ್ನು ಸರದಿಯಂತೆ ಎಲ್ಲ ಶಾಲೆಗಳಲ್ಲೂ ಕಲಿಸಬಹುದು. ಪಟ್ಟದಕಲ್ಲಿನ ಪಾಪನಾಥ ದೇಗುಲದ ಹೊರಗೋಡೆಯ ರಾಮಾಯಣದ ಫಲಕಗಳಲ್ಲಿ ಪಾತ್ರಗಳ ಹೆಸರನ್ನೇ ಕೊರೆದಿದ್ದಾರೆ. ಅವುಗಳ ಮುಂದೆ ನಿಂತು ಲಿಪಿಯ, ಚರಿತ್ರೆಯ ಪಾಠ ಮಾಡಲು ಬೇಕಾದ ಸಿದ್ಧತೆಯನ್ನು ಒಂದು ಚಿಕ್ಕ ಶಾಲೆ ಒಂಟಿಯಾಗಿ ಮಾಡಿಕೊಳ್ಳಲಾರದು, ಕ್ಲಸ್ಟರ್ ಮಾಡಿಕೊಳ್ಳಬಲ್ಲದು.

ದೊಡ್ಡ ಶಾಲೆಗೆ ಸೇರಿಸಿದರೆ ಇದೆಲ್ಲ ಒಂದೇ ಸೂರಿನಡಿ ಸಿಗುವುದಿಲ್ಲವೇ? ಆರನೇ ತರಗತಿಯಿಂದ ಮೇಲಕ್ಕೆ ಈ ಮಾತು ಒಪ್ಪತಕ್ಕದ್ದು. ಅಲ್ಲಿ ವಿಷಯವಾರು ಶಿಕ್ಷಕರು ಬೇಕು; ಕಾಯ್ದೆಯ ನಿಯಮಗಳೂ ಆ ಹಂತಕ್ಕೆ 3 ಕಿ.ಮೀ. ದೂರ ಒಪ್ಪುತ್ತವೆ. ಒಂದರಿಂದ ಐದರವರೆಗೆ ಮಾತ್ರ 1 ಕಿ.ಮೀ. ಒಳಗೇ ಶಾಲೆ ಇರಬೇಕೆನ್ನುತ್ತವೆ. ಈ ಭಾಗದ ಅನೇಕ ಕುಟುಂಬಗಳು ದುಡಿಮೆಗೆಂದು ಗೋವಾ, ಮಂಗಳೂರಿಗೆ ಗುಳೆ ಹೋಗುತ್ತವೆ. ಅಜ್ಜಿಯ ಮನೆಯಲ್ಲಿ ಉಳಿದ ಆರು ವರ್ಷದ ಮಗುವನ್ನು ಪಕ್ಕದೂರಿನ ಶಾಲೆಗೆ ನಿತ್ಯ ಕರೆದೊಯ್ಯುವವರು ಯಾರು? ಊರಲ್ಲೇ ಶಾಲೆ ಇದ್ದರೆ ಆ ಮಗು ಕಲಿಕೆಯೊಳಗೆ ಉಳಿಯುತ್ತದೆ.

ಸ್ಥಳೀಯರಿಗೆ ಅಧಿಕಾರ ಕೊಟ್ಟರೆ ಊರ ರಾಜಕೀಯ ಶಾಲೆಯೊಳಗೆ ನುಗ್ಗುತ್ತದೆ ಎಂಬ ಆತಂಕವನ್ನೂ ಕಡೆಗಣಿಸುವಂತಿಲ್ಲ. ಅಮೆರಿಕದಲ್ಲಿ ಚುನಾಯಿತ ಮಂಡಳಿಗಳು ಶಿಕ್ಷಕರನ್ನು ನೇಮಿಸಿಕೊಳ್ಳುತ್ತವೆ, ಬಹಳಷ್ಟು ಕಡೆ ಸ್ಥಳೀಯ ಆಸ್ತಿ ತೆರಿಗೆಯಿಂದ ಶಾಲೆ ನಡೆಸುತ್ತವೆ. ಅದರಿಂದ ಸಿರಿವಂತ ಊರಿಗೂ ಬಡ ಊರಿಗೂ ನಡುವೆ ಅಂತರ ಬೆಳೆದಿದೆ. ನಮಗೆ ಆ ದಾರಿ ಬೇಡ. ನೇಮಕಾತಿ, ಸಂಬಳ ರಾಜ್ಯದ ಬಳಿಯೇ ಇರಲಿ. ಮೀಸಲು ಶಿಕ್ಷಕರು ಈ ವಾರ ಯಾವ ಶಾಲೆಗೆ ಹೋಗಬೇಕು ಎಂಬ ನಿರ್ಧಾರ ಮಾತ್ರ ಸಿಆರ್‌ಪಿ ಹಾಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಕೈಯಲ್ಲಿರಲಿ. 2001ರಲ್ಲಿ ಸರ್ಕಾರಿ ಆದೇಶದಿಂದ ರೂಪುಗೊಂಡ ಎಸ್‌ಡಿಎಂಸಿಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಇನ್ನಷ್ಟು ಬಲ ಕೊಟ್ಟಿದೆ. ಅದರ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಅಂದಿನಿಂದ ಹಳ್ಳಿಯ ಹೆಣ್ಣುಮಕ್ಕಳೇ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುತ್ತ ಬಂದಿದ್ದಾರೆ. ಇಷ್ಟು ದೊಡ್ಡ ಹೊಣೆ ನಿಭಾಯಿಸಿದ ಊರುಗಳಿಗೆ ಶಿಕ್ಷಕರ ವಾರದ ಸರದಿ ನಿರ್ಧರಿಸುವುದು ಭಾರವಾಗದು.

ಹಣದ ಮಾತೂ ಇದೆ. ನೆರೆಯ ಕೊಪ್ಪಳ ಜಿಲ್ಲೆಗೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಮಂಡಳಿಯ ಅನುದಾನ ಸಿಗುತ್ತದೆ, ಬಾಗಲಕೋಟೆ ಆ ವ್ಯಾಪ್ತಿಯ ಹೊರಗಿದೆ. ಇರುವ ಬಜೆಟ್‌ನಲ್ಲೇ ಕೆಲಸ ಆಗಬೇಕಾದ ಇಂಥ ಜಿಲ್ಲೆಯಲ್ಲಿ ಹಲವು ಶಾಲೆಗಳು ಕೆಲವೇ ಶಿಕ್ಷಕರನ್ನು ಹಂಚಿಕೊಳ್ಳುವುದು ಕೈಗೆಟುಕುವ ದಾರಿ. ಬಾದಾಮಿ, ಹುನಗುಂದ ತಾಲ್ಲೂಕುಗಳ ಕೆಲವು ಕ್ಲಸ್ಟರ್‌ಗಳಲ್ಲಿ ಮುಂದಿನ ಶೈಕ್ಷಣಿಕ ವರ್ಷದಿಂದಲೇ ಇದನ್ನು ಜಾರಿಗೆ ತಂದು ನೋಡಬೇಕು. ಅದಾಗುವ ತನಕ ಮಕ್ಕಳ ಸಂಖ್ಯೆಯೊಂದನ್ನೇ ಮುಂದಿಟ್ಟುಕೊಂಡು ಯಾವ ಕಿರಿಯ ಪ್ರಾಥಮಿಕ ಶಾಲೆಯನ್ನೂ ಮುಚ್ಚಬಾರದು.