ಅರ್ಧ ಪಾಟ್ ಗೆದ್ದರೆ ಸಾಲದು: ಒಮಾಹಾ ಹೈ-ಲೋ ಆಡುವ ಬಗೆ

ಹೋಲ್ಡೆಮ್ ಪೋಕರ್‌ನಲ್ಲಿ ಪಳಗಿದವರು ಕೂಡ ಒಮಾಹಾ ಹೈ-ಲೋ ಟೇಬಲ್‌ಗೆ ಕೂತರೆ ಮೊದಮೊದಲು ತಬ್ಬಿಬ್ಬಾಗುತ್ತಾರೆ. ಆಟ ಗೆದ್ದಂತೆ ಕಾಣುತ್ತದೆ, ಮುಂದಿರುವ ಚಿಪ್ಸ್ ಮಾತ್ರ ಕರಗುತ್ತಿರುತ್ತವೆ. ಇಲ್ಲಿ ಪಾಟ್, ಅಂದರೆ ನಡುವೆ ಸೇರಿದ ಪಣವೆಲ್ಲ, ಎರಡು ಪಾಲಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೈಗೆ (ಹೈ) ಅರ್ಧ, ಎಲ್ಲಕ್ಕಿಂತ ಚಿಕ್ಕ ಕೈಗೆ (ಲೋ) ಅರ್ಧ. ಒಂದೇ ಪಾಲಿಗಾಗಿ ಆಡುವ ಅಭ್ಯಾಸ ಇಲ್ಲಿ ದುಬಾರಿ.

ಮೊದಲು ನಿಯಮ ನೋಡೋಣ. ಪ್ರತಿಯೊಬ್ಬರಿಗೂ ನಾಲ್ಕು ಎಲೆ ಹಂಚುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತಾರೆ. ಮೊದಲ ಮೂರು ಒಟ್ಟಿಗೆ ಬರುತ್ತವೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ನಿಮ್ಮ ಕೈಯಿಂದ ಎರಡೇ ಎರಡು, ನಡುವಿನಿಂದ ಮೂರು ಎಲೆ ಸೇರಿಸಿ ಐದು ಮಾಡಬೇಕು. ಕೈಯಿಂದ ಒಂದೇ ಎಲೆ ಬಳಸುವಂತಿಲ್ಲ, ಮೂರೂ ಬಳಸುವಂತಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಲೋ ಆಗಬೇಕಾದರೆ ಐದೂ ಎಲೆ ಬೇರೆ ಬೇರೆಯಾಗಿದ್ದು, 8 ಅಥವಾ ಅದಕ್ಕಿಂತ ಚಿಕ್ಕದಾಗಿರಬೇಕು. ಎಕ್ಕವನ್ನು 1 ಎಂದು ಎಣಿಸಬಹುದು. ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ) ಆಗಲಿ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಆಗಲಿ ಲೋಗೆ ಅಡ್ಡಿಯಲ್ಲ. ಹಾಗಾಗಿ ಎಕ್ಕ-2-3-4-5 ಅತ್ಯುತ್ತಮ ಲೋ, ಅದೇ ಐದೆಲೆ ಹೈ ಪಾಲಿಗೆ ಸ್ಟ್ರೇಟ್ ಕೂಡ. ಹೈಗೆ ಕೈಯ ಎರಡು ಎಲೆ, ಲೋಗೆ ಬೇರೆ ಎರಡು ಎಲೆ ಬಳಸಲು ಅನುಮತಿ ಇದೆ. ನಡುವೆ 8ರೊಳಗಿನ ಮೂರು ಬೇರೆ ಬೇರೆ ಎಲೆ ಬಾರದಿದ್ದರೆ ಯಾರಿಗೂ ಲೋ ಇಲ್ಲ, ಪೂರ್ತಿ ಪಾಟ್ ಹೈಗೇ ಹೋಗುತ್ತದೆ.

ನಿಯಮ ಇಷ್ಟು. ಇನ್ನು ಲೂಸ್ ಟೇಬಲ್ ಅಂದರೇನು ನೋಡೋಣ. ಎಂಥ ಎಲೆ ಬಂದರೂ ಬಿಡದೆ, ಐದಾರು ಜನ ಫ್ಲಾಪ್ ನೋಡಲು ದುಡ್ಡು ಹಾಕುವ ಟೇಬಲ್ ಅದು. ನಾಲ್ಕೆಲೆ ಕೈಯಲ್ಲಿದ್ದರೆ ಎಲ್ಲರಿಗೂ ಏನಾದರೂ ಒಂದು ಆಸೆ ಹುಟ್ಟುತ್ತದೆ. ಇಂಥಲ್ಲಿ ಬ್ಲಫ್, ಅಂದರೆ ಎದುರಾಳಿಯನ್ನು ಹೆದರಿಸಿ ಎಲೆ ಬಿಡಿಸುವ ತಂತ್ರ, ನಡೆಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆರು ಜನರಲ್ಲಿ ಒಬ್ಬರಾದರೂ ನಿಮ್ಮ ಪಣಕ್ಕೆ ಸಮ ಹಾಕಿಯೇ ತೀರುತ್ತಾರೆ. ಕೊನೆಗೆ ಎಲೆ ತೋರಿಸಲೇಬೇಕು. ಹಾಗಾಗಿ ನಿಮ್ಮ ಕೈ ನಟ್ ಆಗಿರಬೇಕು, ಅಥವಾ ನಟ್‌ನ ಹಾದಿಯಲ್ಲಿರಬೇಕು. ನಟ್ ಅಂದರೆ ನಡುವೆ ತೆರೆದ ಎಲೆಗಳ ಮಟ್ಟಿಗೆ ಯಾರೂ ಮೀರಿಸಲಾಗದ ಕೈ. ಎರಡನೇ ಸ್ಥಾನದ ಫ್ಲಶ್, ಎರಡನೇ ಸ್ಥಾನದ ಲೋ ಇವೇ ಈ ಆಟದಲ್ಲಿ ಅತಿ ಹೆಚ್ಚು ಹಣ ನುಂಗುವ ಕೈಗಳು.

ಅರ್ಧ ಪಾಟ್‌ನ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡಿ. ನಿಮ್ಮ ಬಳಿ ಎಕ್ಕ-2 ಇದೆ, ನಟ್ ಲೋ ಆಗಿದೆ. ಮೂವರು ಉಳಿದಿದ್ದೀರಿ, ತಲಾ 100 ಡಾಲರ್ ಹಾಕಿದ್ದೀರಿ, ಪಾಟ್ 300. ಹೈ ಗೆದ್ದವರಿಗೆ 150. ಮೂರನೆಯವರ ಬಳಿಯೂ ಎಕ್ಕ-2 ಇದ್ದರೆ ಉಳಿದ 150ನ್ನು ನೀವಿಬ್ಬರು ಹಂಚಿಕೊಳ್ಳಬೇಕು. ನಿಮಗೆ ಸಿಗುವುದು 75. ಅತ್ಯುತ್ತಮ ಲೋ ಹಿಡಿದೂ 25 ಡಾಲರ್ ನಷ್ಟ! ಇದಕ್ಕೆ ಕ್ವಾರ್ಟರ್ ಆಗುವುದು ಅನ್ನುತ್ತಾರೆ, ಪಾಟ್‌ನ ಕಾಲುಭಾಗಕ್ಕೆ ಇಳಿಯುವುದು. ನಾಲ್ವರಿದ್ದರೆ ಹಾಕಿದ್ದು ಹಾಗೇ ವಾಪಸ್. ಐವರಿದ್ದರೆ 25 ಡಾಲರ್ ಲಾಭ.

ಆದ್ದರಿಂದ ಬರಿ ಎಕ್ಕ-2 ನಂಬಿ ಮೂರೇ ಜನರಿರುವ ಪಾಟ್‌ನಲ್ಲಿ ರೇಸ್ ಮಾಡಬೇಡಿ, ಅಂದರೆ ಪಣ ಏರಿಸಬೇಡಿ. ಸುಮ್ಮನೆ ಕಾಲ್ ಮಾಡಿ, ಅಂದರೆ ಎದುರಿನ ಪಣಕ್ಕೆ ಸಮ ಹಾಕಿ. ಜನ ಹೆಚ್ಚಿದ್ದಾಗ ಏರಿಸಬಹುದು. ಇನ್ನೊಬ್ಬರ ಬಳಿ ಅದೇ ಎಲೆ ಇರುವುದು ಅಷ್ಟು ಸಾಮಾನ್ಯವೇ? ಹೌದು. ನಿಮ್ಮ ಕೈಯಲ್ಲಿ ಒಂದು ಎಕ್ಕ, ಒಂದು 2 ಇದ್ದಾಗಲೂ, ಒಂಬತ್ತು ಜನರ ಟೇಬಲ್‌ನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಮತ್ತೊಬ್ಬರಿಗೂ ಎಕ್ಕ-2 ಬಂದಿರುತ್ತದೆ. ಲೂಸ್ ಟೇಬಲ್‌ನಲ್ಲಿ ಅವರು ಅದನ್ನು ಬಿಡುವ ಮಾತೇ ಇಲ್ಲ.

ಇನ್ನೊಂದು ಅಪಾಯಕ್ಕೆ ಕೌಂಟರ್‌ಫೀಟ್ ಎಂದು ಹೆಸರು. ನಡುವೆ 4-6-8 ಇದೆ, ನಿಮ್ಮ ಎಕ್ಕ-2 ನಟ್ ಲೋ. ರಿವರ್‌ನಲ್ಲಿ 2 ಬಿತ್ತು ಅನ್ನಿ. ನಿಮ್ಮ ಕೈಯ 2 ಕೆಲಸಕ್ಕೆ ಬಾರದಂತಾಯಿತು. ನಿಮ್ಮದು 8-6-4-2-ಎಕ್ಕವಾಗಿಯೇ ಉಳಿಯಿತು. ಎಕ್ಕ-3 ಹಿಡಿದವರದು 6-4-3-2-ಎಕ್ಕ ಆಗಿ, ಲೋ ಪಾಲು ಅವರಿಗೆ ಹೋಯಿತು. ನಿಮ್ಮ ಕೈಯಲ್ಲೇ ಒಂದು 3 ಇದ್ದಿದ್ದರೆ ಆ ಪಾಲು ಉಳಿಯುತ್ತಿತ್ತು. ಎಕ್ಕ-2-3ಕ್ಕೆ ಅನುಭವಿಗಳು ಅಷ್ಟು ಬೆಲೆ ಕೊಡುವುದು ಇದಕ್ಕೇ.

ಹಾಗಾದರೆ ಯಾವ ಎಲೆ ಹಿಡಿದು ಆಟಕ್ಕಿಳಿಯಬೇಕು? ಎರಡೂ ಪಾಲು ಬಾಚಿಕೊಳ್ಳಬಲ್ಲಂಥವು. ಇಡೀ ಪಾಟ್ ಒಬ್ಬರೇ ಗೆಲ್ಲುವುದಕ್ಕೆ ಸ್ಕೂಪ್ ಎನ್ನುತ್ತಾರೆ, ಈ ಆಟದ ನಿಜವಾದ ಗಳಿಕೆ ಅಲ್ಲಿದೆ. ಎಕ್ಕ-ಎಕ್ಕ-2-3, ಅದರಲ್ಲೂ ಎರಡು ಎಕ್ಕಗಳ ಜೊತೆಗೂ ಅದದೇ ಬಣ್ಣದ ಒಂದೊಂದು ಎಲೆ ಇದ್ದರೆ, ಅದಕ್ಕಿಂತ ಒಳ್ಳೆಯ ಕೈ ಇಲ್ಲ. ಎಕ್ಕ-2ರ ಜೊತೆ ರಾಜ ಇದ್ದು, ಎಕ್ಕ ಮತ್ತು ರಾಜ ಒಂದೇ ಬಣ್ಣದ್ದಾದರೆ ಅದೂ ಒಳ್ಳೆಯದು, ಏಕೆಂದರೆ ನಟ್ ಫ್ಲಶ್‌ಗೆ ದಾರಿ ಇದೆ. ರಾಜ-ರಾಣಿ-ಗುಲಾಮ-10 ಕೂಡ ಆಡಬಹುದು. ಫ್ಲಾಪ್‌ನಲ್ಲಿ ದೊಡ್ಡ ಎಲೆ ಬಂದರೆ ಮುಂದುವರಿಯಿರಿ, ಚಿಕ್ಕವು ಬಂದರೆ ತಕ್ಷಣ ಬಿಡಿ.

ಎಚ್ಚರ ಬೇಕಾದದ್ದು ನಡುಗಾತ್ರದ ಎಲೆಗಳ ಬಗ್ಗೆ. 9-8-7-6 ನೋಡಲು ಸಾಲಾಗಿ ಚೆಂದ. ಹೋಲ್ಡೆಮ್ ಕಣ್ಣಿಗೆ ಸ್ಟ್ರೇಟ್ ಆಗಲೇ ಬಂದಂತೆ ಕಾಣುತ್ತದೆ. ಆದರೆ ಈ ಕೈಗೆ ಸ್ಟ್ರೇಟ್ ಕೂಡುವುದು ಬಹಳ ಸಲ ನಡುವೆ ಚಿಕ್ಕ ಎಲೆ ಬಿದ್ದಾಗ. ಆಗ ಲೋ ಯಾರಿಗೋ ಹೋಗುತ್ತದೆ, ನಿಮಗೆ ಅರ್ಧವೇ. ಲೋ ನೀವೇ ಮಾಡಿದರೂ ಅದು ಕಳಪೆ ಲೋ. ಈ ಕೈಯನ್ನು ಮೊದಲೇ ಎಸೆಯುವ ಮನಸ್ಸು ಮಾಡಿದರೆ ಅರ್ಧ ಆಟ ಕಲಿತಂತೆ ಎಂದು ನನ್ನ ಅನಿಸಿಕೆ.

ಫ್ಲಾಪ್ ಆದ ಮೇಲೆ ಇನ್ನೊಮ್ಮೆ ಲೆಕ್ಕ ಹಾಕಿ. ಕೈಯಲ್ಲಿ ಎಕ್ಕ, 2, ರಾಜ, ರಾಣಿ. ನಡುವೆ 4, 7 ಮತ್ತು ಒಂದು ಗುಲಾಮ. 3, 5, 6, 8 ಈ ಹದಿನಾರು ಎಲೆಗಳಲ್ಲಿ ಒಂದು ಬಂದರೆ ಲೋ ಆಗುತ್ತದೆ. ಉಳಿದ ಎರಡು ಎಲೆಗಳಲ್ಲಿ ಅದು ಬರುವ ಸಾಧ್ಯತೆ ಸುಮಾರು ಶೇ. 59. ಮುಂದುವರಿಯಬಹುದು. ಒಂದೇ ಚಿಕ್ಕ ಎಲೆ ಬಿದ್ದಿದ್ದರೆ, ಹೈ ಕಡೆಗೂ ದಾರಿ ಇಲ್ಲದಿದ್ದರೆ, ಎಕ್ಕ-2ರ ಮೇಲಿನ ಪ್ರೀತಿ ಬಿಟ್ಟು ಎಲೆ ಕೆಳಗಿಡಿ.

ಇಷ್ಟೆಲ್ಲ ಸರಿಯಾಗಿ ಆಡಿದರೂ ವಾರಗಟ್ಟಲೆ ಸೋಲುವುದುಂಟು. ಬಹಳ ಜನ ಪಾಟ್‌ನಲ್ಲಿದ್ದಾಗ ಕೊನೆಯ ಎಲೆ ಎಲ್ಲವನ್ನೂ ತಿರುಗಿಸುತ್ತದೆ. ಈ ಏರಿಳಿತಕ್ಕೆ ವೇರಿಯನ್ಸ್ ಎಂದು ಹೆಸರು. ಅದನ್ನು ತಾಳಿಕೊಳ್ಳಲು ಆಟಕ್ಕೆಂದೇ ಬೇರೆ ತೆಗೆದಿಟ್ಟ ಹಣ ಬೇಕು. ಪಣದ ಮಿತಿ ಮೊದಲೇ ನಿಗದಿಯಾದ ಲಿಮಿಟ್ ಆಟಗಳಲ್ಲಿ 300 ದೊಡ್ಡ ಬೆಟ್‌ಗಳಷ್ಟು ಇರಲಿ ಎನ್ನುವುದು ಹಳೆಯ ಲೆಕ್ಕ. ದೊಡ್ಡ ಬೆಟ್ 8 ಡಾಲರ್ ಇರುವ 4-8 ಡಾಲರ್ ಟೇಬಲ್‌ಗೆ ಅದು 2,400 ಡಾಲರ್ ಆಗುತ್ತದೆ. ಮನೆಖರ್ಚಿನ ಹಣವನ್ನು ಇದಕ್ಕೆ ಮುಟ್ಟಲೇಬಾರದು. ರೇಕ್, ಅಂದರೆ ಪ್ರತಿ ಪಾಟ್‌ನಿಂದ ಕ್ಯಾಸಿನೊ ಕತ್ತರಿಸಿಕೊಳ್ಳುವ ಪಾಲು, ಅರ್ಧ ಪಾಟ್ ಗೆದ್ದವರಿಗೆ ಇನ್ನಷ್ಟು ಚುಚ್ಚುತ್ತದೆ. ಮೇಲೆ ಹೇಳಿದ ನಾಲ್ವರ ಪಾಟ್‌ನಲ್ಲಿ ರೇಕ್ ಕಳೆದರೆ ಅಸಲೂ ಹುಟ್ಟುವುದಿಲ್ಲ.

ಎಲ್ಲಿ ಆಡುತ್ತಾರೆ? ಈ ಆಟದ ನೆಲೆ ಅಮೆರಿಕ. ಲಾಸ್ ವೇಗಸ್ ಮತ್ತು ಕ್ಯಾಲಿಫೋರ್ನಿಯಾದ ಕಾರ್ಡ್ ರೂಮ್‌ಗಳಲ್ಲಿ ಇದಕ್ಕೆ ಹಳೆಯ ಅಭಿಮಾನಿಗಳಿದ್ದಾರೆ. ಗೋವಾದ ಕ್ಯಾಸಿನೊಗಳಲ್ಲಿ ಕಾಣುವುದು ಹೆಚ್ಚಾಗಿ ಹೋಲ್ಡೆಮ್. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಯೋಚನೆ ಇದ್ದರೆ ನೆನಪಿಡಿ: 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟವೇ ಆದರೂ ಹಣದಾಟ ನಡೆಸುವುದನ್ನು ದೇಶದಾದ್ಯಂತ ನಿಷೇಧಿಸಿದೆ.

ಕಲಿಯಲು ಮಾತ್ರ ಒಂದು ಕಟ್ಟು ಇಸ್ಪೀಟು ಸಾಕು. ಜೋಕರ್ ತೆಗೆದಿಡಿ. ಐದು ಕೈ ಹಂಚಿ, ಎಲ್ಲವನ್ನೂ ತೆರೆದಿಟ್ಟು, ನಡುವೆ ಐದು ಎಲೆ ಬಿಡಿಸಿ. ಪ್ರತಿ ಕೈಯ ಹೈ ಯಾವುದು, ಲೋ ಯಾವುದು, ಪಾಟ್ ಯಾರ್ಯಾರಿಗೆ ಎಷ್ಟು ಎಂದು ಬಾಯಲ್ಲಿ ಹೇಳುತ್ತ ಹೋಗಿ. ತಡವರಿಸದೆ ಹೇಳಲು ಬರುವವರೆಗೆ ಪಣದ ಮಾತು ಬೇಡ.